ಎಬ್ಬಿಸುವ ಕ್ರಮ

ಜನವರಿ ೯

ಅಣ್ಣ,

ಕೋಣೆ ಸಿಕ್ಕಿದೆ. ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ, ಅದರ ಮೇಲೆ ನೀರಿಳಿಯುವ ಕೊಳವೆ. ಮೇಜಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ಹಿಂದೆ ಇದ್ದವರು ಮಡಿಸಿಟ್ಟ ರಟ್ಟನ್ನು ನಾನೂ ಹಾಗೇ ಬಿಟ್ಟಿದ್ದೇನೆ.

ಕಾಗದ ಬರೆಯೋಣ ಎಂದು ನೀನು ಹೇಳಿದ್ದು ಒಳ್ಳೆಯದಾಯಿತು. ಫೋನಿನಲ್ಲಿ ಎರಡು ಮಾತಾಡುವುದರೊಳಗೆ ನಮ್ಮಿಬ್ಬರ ಗಂಟಲೂ ಏರುತ್ತದೆ. ಅಮ್ಮ ಒಳಗಿನಿಂದ 'ಯಾರ ಮನೇಲಿ ಜಗಳ?' ಎಂದು ಕೇಳುತ್ತಾಳೆ. ಕಾಗದಕ್ಕೆ ಗಂಟಲಿಲ್ಲ.

ಇಲ್ಲಿ ನನ್ನ ಕೆಲಸ ಏನೆಂದು ಅತ್ತಿಗೆ ಕೇಳಿದ್ದರು. ಹೊರಡುವ ಗಡಿಬಿಡಿಯಲ್ಲಿ ಸರಿಯಾಗಿ ಹೇಳಲಿಲ್ಲ. ಲಿಫ್ಟಿನಲ್ಲಿ, ಹಾಲಿನ ಟ್ಯಾಂಕಿನಲ್ಲಿ, ಟಿಕೆಟ್ ಗೇಟಿನಲ್ಲಿ, ಆಸ್ಪತ್ರೆಯಲ್ಲಿ ಹನಿ ಹನಿಯಾಗಿ ಔಷಧಿ ಬಿಡುವ ಪಂಪಿನಲ್ಲಿ ಒಂದೊಂದು ಸಣ್ಣ ಕಂಪ್ಯೂಟರು ಇರುತ್ತದೆ. ಸ್ವಿಚ್ ಹಾಕಿದಾಗ ಅದಕ್ಕೆ ಏನೂ ಗೊತ್ತಿರುವುದಿಲ್ಲ, ತಾನು ಲಿಫ್ಟೋ ಪಂಪೋ ಎಂಬುದು ಕೂಡ. ಒಳಗೆ ಒಂದು ಚಿಕ್ಕ ಪ್ರೋಗ್ರಾಂ ಮೊದಲು ಎದ್ದು, ಮೆಮೊರಿಯನ್ನು ಎಬ್ಬಿಸಿ, ದೊಡ್ಡ ಪ್ರೋಗ್ರಾಮನ್ನು ಕರೆಯುತ್ತದೆ. ನಿನಗೆ ಇಷ್ಟು ಮೆಮೊರಿ ಇದೆ, ಇಂಥಲ್ಲಿ ಮೋಟಾರಿದೆ, ಇಂಥಲ್ಲಿ ಪರದೆಯಿದೆ ಎಂಬ ಒಂದು ವಿವರಣೆಯನ್ನು ಅದರ ಕೈಗೆ ಕೊಟ್ಟು ತಾನು ಪಕ್ಕಕ್ಕೆ ಸರಿಯುತ್ತದೆ. ಇದನ್ನು ಬೂಟ್ ಎನ್ನುತ್ತೇವೆ.

ತೊಂದರೆ ಏನೆಂದರೆ ಈ ಸಣ್ಣ ಕಂಪ್ಯೂಟರು ಕೂತಿರುವ ಬೋರ್ಡು ಒಂದೊಂದು ಕಂಪನಿಯದು ಒಂದೊಂದು ರೀತಿ ಏಳುತ್ತದೆ. ಒಂದು ಮೊದಲು ಪರದೆ ಬೆಳಗಿಸಿ ಆಮೇಲೆ ಯೋಚಿಸುತ್ತದೆ. ಇನ್ನೊಂದು ಎಲ್ಲ ಯೋಚಿಸಿ ಮುಗಿಯುವ ತನಕ ಕತ್ತಲಲ್ಲೇ ಇರುತ್ತದೆ. ಮತ್ತೊಂದಕ್ಕೆ ವಿವರಣೆಯನ್ನು ಯಾರೂ ಕೊಡುವುದಿಲ್ಲ, ಅದರ ಹೊಟ್ಟೆಯೊಳಗೇ ಬರೆದಿಟ್ಟಿದ್ದಾರೆ. ಒಂದು ತಂತಿ ಬದಲಾದರೂ ಹೊಸ ಹೊಟ್ಟೆಯೇ ಬೇಕು. ಊರಿಗೆಲ್ಲ ಒಂದು ದಾರಿಯಾದರೆ ಪೋರನಿಗೊಂದು ದಾರಿ. ನಾವು ಆ ಊರಿನ ದಾರಿ ಯಾವುದೆಂದು ಬರೆಯಲು ಕೂತಿದ್ದೇವೆ. ಬೋರ್ಡು ಯಾರದೇ ಆಗಲಿ, ಏಳುವ ಕ್ರಮ ಒಂದೇ ಇರಬೇಕು. ಸಮಿತಿಯಲ್ಲಿ ಕರಡು ಬರೆಯುವವಳು ನಾನು. ಜಗಳ ಉಳಿದವರದು.

ಅಮ್ಮ ಹೇಗಿದ್ದಾಳೆ ಎಂದು ಕೊನೆಯಲ್ಲಿ ಕೇಳುತ್ತಿದ್ದೇನೆ. ಮೊದಲೇ ಕೇಳಬೇಕಿತ್ತು.

ಪುಟ್ಟಿ


ಜನವರಿ ೨೧

ಪುಟ್ಟಿ,

ಅಂಗಡಿಯ ಹಿಂದೆ, ಕನ್ನಡಕದ ಗಾಜು ಉಜ್ಜುವ ಯಂತ್ರದ ಪಕ್ಕ ಕೂತು ಬರೆಯುತ್ತಿದ್ದೇನೆ. ಗಿರಾಕಿಗಳಿಲ್ಲದ ಹೊತ್ತು. ಕಾಗದಕ್ಕೆ ಬಿಳಿ ಪುಡಿ ಅಂಟಿದ್ದರೆ ಒರೆಸಿಕೊ.

ಮಧ್ಯಾಹ್ನದ ಅಮ್ಮ ಚೆನ್ನಾಗಿದ್ದಾಳೆ. ಬೆಳಗಿನ ಅಮ್ಮನೇ ಕಷ್ಟ. ಕಣ್ಣು ಬಿಟ್ಟಾಗ ಅವಳಿಗೆ ಮನೆ ತಿಳಿಯುವುದಿಲ್ಲ, ಹೊತ್ತು ತಿಳಿಯುವುದಿಲ್ಲ. ನಿನ್ನ ಬೋರ್ಡಿನ ಹಾಗೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಕೆಟ್ಟದೆನಿಸಿತು. ಆಮೇಲೆ ಅದೂ ಅನಿಸಲಿಲ್ಲ.

ಅವಳನ್ನು ಎಬ್ಬಿಸುವವರು ಮೂವರು. ಹಗಲಿಗೆ ಬರುವ ದಾದಿ ಎಬ್ಬಿಸಿದ ದಿನ 'ಏಳಿ ತಾಯಿ, ಬಿಸಿಲು ನೆತ್ತಿಗೆ ಬಂತು' ಎಂದು ಮೊದಲು ಮುಖಕ್ಕೆ ಒದ್ದೆ ಬಟ್ಟೆ ಹಾಕುತ್ತಾಳೆ. ಅಮ್ಮ ಹೌಹಾರುತ್ತಾಳೆ. ನಿನ್ನ ಅತ್ತಿಗೆ ಕಿಟಕಿಯ ಪರದೆಗಳನ್ನೆಲ್ಲ ಒಮ್ಮೆಗೇ ಸರಿಸಿ, 'ಅತ್ತೆ, ನಾನು ಯಾರು ಹೇಳಿ ನೋಡೋಣ' ಎಂದು ಶುರು ಮಾಡುತ್ತಾಳೆ. ಶಾಲೆ ಮೇಷ್ಟರ ಮಗಳು, ಏನು ಮಾಡುವುದು. ನಾನು ಮಾತಾಡದೆ ಮಂಚದ ತುದಿಯಲ್ಲಿ ಕೂತಿರುತ್ತೇನೆ, ಅವಳೇ ಕೇಳಲಿ ಎಂದು. ಮೊನ್ನೆ ಕೇಳಿದಳು.

'ಯಾರಪ್ಪ ನೀನು?'

'ನಿನ್ನ ಮಗ ಕಣಮ್ಮ.'

ನನ್ನ ತಲೆಯನ್ನು ಬಹಳ ಹೊತ್ತು ನೋಡಿದಳು. 'ನನ್ನ ಮಗ ಇಷ್ಟು ಬೋಳಲ್ಲ' ಎಂದಳು.

ಈಗ ನನ್ನನ್ನು 'ಹುಡುಗ' ಎನ್ನುತ್ತಾಳೆ. ಐವತ್ತು ದಾಟಿದವನನ್ನು ಹುಡುಗ ಎನ್ನುವವರು ಬೇರೆ ಯಾರಿದ್ದಾರೆ. ಇರಲಿ.

ಮೂವರಲ್ಲಿ ಯಾರು ಎಬ್ಬಿಸಿದರು ಎಂಬುದರ ಮೇಲೆ ಇಡೀ ದಿನ ನಿಂತಿರುತ್ತದೆ. ಹೋದ ವಾರ ಲೋಟ ಎಸೆದಳು. ದಾದಿಯ ಹುಬ್ಬಿನ ಮೇಲೆ ಗಾಯ. 'ಇನ್ನೊಂದು ಸಲ ಹೀಗಾದ್ರೆ ನಾನು ಬರಲ್ಲ ಸಾರ್, ನಂಗೂ ಮಕ್ಕಳಿದಾರೆ' ಎಂದಳು. ಅವಳು ಬಿಟ್ಟರೆ ನಾನು ಅಂಗಡಿ ಮುಚ್ಚಬೇಕು, ಇಲ್ಲವೇ ಅಮ್ಮನನ್ನು ಎಲ್ಲಾದರೂ ಸೇರಿಸಬೇಕು. ಎರಡನೆಯದನ್ನು ಬರೆದು ನೋಡಿದೆ, ಅಷ್ಟೆ.

ಅಣ್ಣ


ಫೆಬ್ರವರಿ ೨

ಅಣ್ಣ,

ನೀವು ಮೂವರೂ ಮೂರು ಬೋರ್ಡು. ಅಮ್ಮನ ತಪ್ಪೇನಿಲ್ಲ.

ಯಾರು ಎಬ್ಬಿಸಿದರೂ ಅದೇ ಅನುಕ್ರಮ ಇರಲಿ, ಅವೇ ಮಾತುಗಳಿರಲಿ. ಮೊದಲು ಬೆಳಕು, ಅದೂ ಅರ್ಧ ಪರದೆ ಮಾತ್ರ. ಆಮೇಲೆ ಹೊತ್ತು ಹೇಳಿ. ಆಮೇಲೆ ಜಾಗ. ಜನರನ್ನು ಕೊನೆಗೆ. ಒಂದು ತಲೆಗೆ ಹೋಗುವ ಮೊದಲು ಇನ್ನೊಂದನ್ನು ಹೇಳಬೇಡಿ. ಒದ್ದೆ ಬಟ್ಟೆ ಇದೆಲ್ಲ ಮುಗಿದ ಮೇಲೆ.

ಅತ್ತಿಗೆಗೆ ಬೇಸರವಾಗದ ಹಾಗೆ ಹೇಳು, ಪರೀಕ್ಷೆ ಬೇಡ. ಏಳುವಾಗ ಪ್ರಶ್ನೆ ಕೇಳಬಾರದು. ಉತ್ತರ ಅವಳ ಹತ್ತಿರ ಇರುವುದಿಲ್ಲ, ಕೊಡಬೇಕಾದವರು ನಾವು. ನಿನಗೂ ಅದೇ ಮಾತು. ನೀನು ಸುಮ್ಮನೆ ಕೂರುವುದೂ ಒಂದು ಪ್ರಶ್ನೆಯೇ.

ಬಾಯಲ್ಲಿ ಹೇಳಿದರೆ ಮೂವರ ಬಾಯಲ್ಲೂ ಮೂರಾಗುತ್ತದೆ. ಬರೆದಿಡು. ಅವಳಿಗೆ ಓದಲು ಬರುತ್ತದಲ್ಲ, ಅದು ಹೋಗಿಲ್ಲ ಎಂದುಕೊಳ್ಳುತ್ತೇನೆ.

ಅವಳ ಜೊತೆ ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಮಲಗಿದವಳು ನಾನು. ಆಗ ಬೆಳಗಾದರೆ ಅವಳು ನನ್ನನ್ನು ಎಬ್ಬಿಸುತ್ತಿದ್ದಳು. ಯಾವ ಕ್ರಮದಲ್ಲಿ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ.

ಪುಟ್ಟಿ


ಫೆಬ್ರವರಿ ೨೦

ಪುಟ್ಟಿ,

ಮಾಡಿದೆ. ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ನೇತುಹಾಕುವ ಫಲಕ ಇದೆಯಲ್ಲ, ಮೇಲೆ ದೊಡ್ಡ ಅಕ್ಷರ, ಕೆಳಗೆ ಬರುತ್ತಾ ಬರುತ್ತಾ ಚಿಕ್ಕದು. ಹಾಗೆಯೇ ಒಂದು ಕಾರ್ಡು ಬರೆದೆ. ನನಗೆ ಬೇರೆ ರೀತಿ ಬರೆಯಲು ಬರುವುದಿಲ್ಲ.

ಎಲ್ಲಕ್ಕಿಂತ ಮೇಲೆ, ಬೆರಳುದ್ದದ ಅಕ್ಷರದಲ್ಲಿ, 'ಬೆಳಗಾಗಿದೆ.' ಅದರ ಕೆಳಗೆ 'ಇದು ನಿನ್ನ ಮನೆ.' ಆಮೇಲೆ 'ನೀರು ಬಲಗಡೆ ಇದೆ, ಕನ್ನಡಕ ಎಡಗಡೆ.' ಆಮೇಲೆ 'ಮನೆಯಲ್ಲಿ ಮಗ, ಸೊಸೆ, ದಾದಿ ಇದ್ದಾರೆ.' ಅಷ್ಟರಲ್ಲಿ ಕಾರ್ಡಿನ ತಳ ಬಂತು. ಉಳಿದ ಜಾಗದಲ್ಲಿ, ನಮ್ಮ ಫಲಕದ ಕೊನೆಯ ಸಾಲಿನಷ್ಟು ಸಣ್ಣದಾಗಿ, 'ಪುಟ್ಟಿ ಕೆಲಸದ ಮೇಲೆ ಹೋಗಿದ್ದಾಳೆ, ಬರುತ್ತಾಳೆ.'

ಕೆಲಸ ಮಾಡುತ್ತಿದೆ. ಅರ್ಧ ಪರದೆ ಸರಿಸಿ ಕಾರ್ಡು ಕೈಗೆ ಕೊಡುತ್ತೇವೆ. ಓದುತ್ತಾಳೆ. 'ಹೌದಾ' ಎನ್ನುತ್ತಾಳೆ, ಊರಿನ ಸುದ್ದಿ ಕೇಳಿದವರ ಹಾಗೆ. ಲೋಟ ಎಸೆದಿಲ್ಲ. ದಾದಿಯೂ ಈಗ 'ನಿಮ್ಮ ತಂಗಿ ಡಾಕ್ಟ್ರಾ ಸಾರ್?' ಎಂದು ಕೇಳುತ್ತಾಳೆ. 'ಅಲ್ಲ, ಯಂತ್ರ ಎಬ್ಬಿಸೋಳು' ಎಂದೆ. 'ಅದೂ ಒಂದು ಕೆಲ್ಸಾನಾ' ಎಂದಳು.

ಒಂದು ವಿಷಯ. ಕೊನೆಯ ಸಾಲಿಗೆ ಬಂದಾಗ ಕಾರ್ಡನ್ನು ಮೂಗಿನ ಹತ್ತಿರ ತರುತ್ತಾಳೆ. ಆ ಅಕ್ಷರ ಅವಳ ಕಣ್ಣಿಗೆ ಸಿಗಬಾರದು. ಅವಳ ನಂಬರು ನನಗೆ ಗೊತ್ತು. ಆದರೂ ಓದುತ್ತಾಳೆ, ಎರಡು ಸಲ. ಆಮೇಲೆ ಊಟದ ಮೇಜಿನ ಕುರ್ಚಿ ಎಳೆದುಕೊಂಡು ಹೋಗಿ ಬಾಗಿಲ ಬಳಿ ಕೂರುತ್ತಾಳೆ. ಪಕ್ಕದಲ್ಲಿ ಇನ್ನೊಂದು ಖಾಲಿ ಕುರ್ಚಿ. ಅದರಲ್ಲಿ ನಮ್ಮನ್ನು ಯಾರನ್ನೂ ಕೂರಗೊಡುವುದಿಲ್ಲ. 'ಯಾಕಮ್ಮ ಇಲ್ಲಿ ಕೂತೆ, ಗಾಳಿ ಬರತ್ತೆ' ಎಂದರೆ, 'ಬರ್ತಾಳೆ ಅಂತ ಬರ್ದಿದಾರಲ್ಲ' ಎನ್ನುತ್ತಾಳೆ.

ಬರೆದವನು ನಾನೇ.

ಅಣ್ಣ


ಮಾರ್ಚಿ ೬

ಅಣ್ಣ,

ಕಾರ್ಡಿನ ಬಗ್ಗೆ ಬರೆದದ್ದು ಓದಿದೆ. ಕೊನೆಯ ಸಾಲಿನ ಬಗ್ಗೆ ಬರೆದದ್ದೂ ಓದಿದೆ.

ಇಲ್ಲಿ ಮೂರು ದಿನದಿಂದ ಒಂದೇ ಜಗಳ. ಯಾವುದೋ ಆಸ್ಪತ್ರೆಯಲ್ಲಿ ರಿಪೇರಿಯವರು ಒಂದು ಔಷಧಿ ಪಂಪಿನ ಪರದೆಯನ್ನು ಕಳಚಿ ಇನ್ನೊಂದಕ್ಕೆ ಹಾಕಿದ್ದರಂತೆ. ವಿವರಣೆಯಲ್ಲಿ ಮಾತ್ರ ಪರದೆ ಇದೆ ಎಂದೇ ಇತ್ತು. ಸ್ವಿಚ್ ಹಾಕಿದರೆ ಪಂಪು ಆ ಪರದೆಗಾಗಿ ಕಾಯುತ್ತಾ ಕೂತಿತು. ಔಷಧಿ ಬಿಡಲಿಲ್ಲ. ಕೆಟ್ಟಿದ್ದೇನೆ ಎಂದೂ ಹೇಳಲಿಲ್ಲ. ಅದೃಷ್ಟಕ್ಕೆ ಆ ಹಾಸಿಗೆಯಲ್ಲಿ ಯಾರೂ ಇರಲಿಲ್ಲ.

ಪಂಪು ಮಾಡುವ ಕಂಪನಿಯಿಂದ ಒಬ್ಬರು ಬಂದಿದ್ದಾರೆ, ದಪ್ಪ ಮೀಸೆಯವರು. ಅವರನ್ನು ಎಲ್ಲರೂ ಪಂಪಿನವರು ಎನ್ನುತ್ತೇವೆ. 'ಪರದೆ ಇವತ್ತಿಲ್ಲ, ನಾಳೆ ಬರತ್ತೆ. ಹೆಸರು ತೆಗೆಯೋದು ಯಾಕೆ? ಪಕ್ಕದಲ್ಲಿ "ಸದ್ಯಕ್ಕಿಲ್ಲ" ಅಂತ ಬರೆದ್ರಾಯ್ತು' ಎಂದು ಅವರ ವಾದ.

ಲಿಫ್ಟಿನವರು ವಯಸ್ಸಾದವರು, ಸಭೆಯಲ್ಲಿ ಅರ್ಧ ನಿದ್ದೆಯಲ್ಲಿರುತ್ತಾರೆ. ಕಣ್ಣು ಮುಚ್ಚಿಕೊಂಡೇ ಹೇಳಿದರು, 'ನಮ್ಮ ಕಟ್ಟಡದ ನಲ್ಲಿ ಮೇಲೂ ಸದ್ಯಕ್ಕಿಲ್ಲ ಅಂತ ಬರ್ದಿದೆ. ಅದನ್ನ ಬರೆದೋನು ರಿಟೈರ್ ಆಗಿ ಹೋದ.'

ಎಲ್ಲರೂ ನಕ್ಕರು. ನಾನು ಕರಡಿಗೆ ಒಂದು ಹೊಸ ಕಲಮು, ಅಂದರೆ ನಿಯಮ, ಬರೆದೆ. ಜೋಡಿಸಿಲ್ಲದ ಸಾಧನವನ್ನು ವಿವರಣೆಯಲ್ಲಿ ಹೆಸರಿಸಬಾರದು. ಹೆಸರಿಸಿದರೆ ಯಂತ್ರ ಅದಕ್ಕಾಗಿ ಕಾಯುತ್ತದೆ, ಉಳಿದ ಕೆಲಸ ಬಿಟ್ಟು. ಬರೆಯುವಾಗ ಕೈ ತಡೆಯಲಿಲ್ಲ, ಒಂದೇ ಉಸಿರಿನಲ್ಲಿ ಬಂತು. ಮತಕ್ಕೆ ಹಾಕುವುದು ಮುಂದಿನ ತಿಂಗಳು.

ಇಲ್ಲಿ ಚಳಿ ಕಡಿಮೆಯಾಗಿದೆ.

ಪುಟ್ಟಿ


ಮಾರ್ಚಿ ೨೮

ಪುಟ್ಟಿ,

ಎಲ್ಲರೂ ಆರೋಗ್ಯ. ಅಮ್ಮ ಈಗ ಬಾಗಿಲ ಬಳಿ ಕೂರುವುದಿಲ್ಲ. ಕುರ್ಚಿಗಳು ಮೇಜಿಗೆ ವಾಪಸಾದವು.

ಅಂಗಡಿಗೆ ಹೊಸ ಯಂತ್ರ ನೋಡುತ್ತಿದ್ದೇನೆ. ಹಳೆಯದರ ಕಲ್ಲು ಸವೆದು ಗಾಜಿನ ಅಂಚು ಒಡೆಯುತ್ತಿದೆ.

ಅಣ್ಣ


ಏಪ್ರಿಲ್ ೧೫

ಪುಟ್ಟಿಗೆ,

ನಿನ್ನ ಅತ್ತಿಗೆ ಬರೆಯುತ್ತಿದ್ದೇನೆ. ನಿಮ್ಮಿಬ್ಬರ ಕಾಗದದ ಮಧ್ಯೆ ನಾನು ಬರಬಾರದು ಎಂದುಕೊಂಡಿದ್ದೆ. ಆದರೆ ನೀನು ಬಿಟ್ಟುಹೋದ ಉಣ್ಣೆಯ ಶಾಲು ಸಿಕ್ಕಿದೆ, ಪಾರ್ಸೆಲ್ ಕಳಿಸಲೋ ಇಡಲೋ ಎಂದು ಕೇಳಬೇಕಿತ್ತು. ನಿಮ್ಮಣ್ಣನಿಗೆ ಹೇಳಿದರೆ ಹ್ಞೂಂ ಎನ್ನುತ್ತಾರೆ. ಆ ಹ್ಞೂಂ ಎಲ್ಲಿಗೆ ಹೋಗಿ ಸೇರುತ್ತದೋ ದೇವರಿಗೇ ಗೊತ್ತು.

ಅತ್ತೆ ಶಾಂತವಾಗಿದ್ದಾರೆ. ಆ ದಿನ ಆದದ್ದು ಮತ್ತೆ ಆಗಿಲ್ಲ. ನಿಮ್ಮಣ್ಣ ನಿನಗೆ ಬರೆದಿರುತ್ತಾರೆ. ಬಸ್ ನಿಲ್ದಾಣದಲ್ಲಿ ಅವರನ್ನು ಕಂಡದ್ದು ನಾನೇ. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ನಿಮ್ಮಣ್ಣನದು. ದಾದಿ ಬಟ್ಟೆ ಹರವಲು ಮಹಡಿಗೆ ಹೋದ ಅಷ್ಟರಲ್ಲಿ ಹೊರಟಿದ್ದರು. ಬಂದ ಬಂದ ಬಸ್ಸಿನ ಕಂಡಕ್ಟರನ್ನು ನಿಲ್ಲಿಸಿ, 'ನಮ್ಮ ಚಿಕ್ಕವಳು ಇದರಲ್ಲಿ ಇದಾಳಾ ನೋಡಿ' ಎಂದು ಕೇಳುತ್ತಿದ್ದರಂತೆ. ಒಬ್ಬ ಪಾಪ, ನಿಜವಾಗಿ ಒಳಗೆ ಹೋಗಿ ನೋಡಿ ಬಂದನಂತೆ. ಕೊನೆಗೆ ಮೂಲೆಯ ಇಸ್ತ್ರಿಯವನು ಗುರುತು ಹಿಡಿದು, ಅವರನ್ನು ತನ್ನ ಮರದ ಪೆಟ್ಟಿಗೆಯ ಮೇಲೆ ಕೂರಿಸಿ, ನನಗೆ ಹೇಳಿಕಳಿಸಿದ.

ಅಂದು ನಿಮ್ಮಣ್ಣ ಅಂಗಡಿಯಿಂದ ಬಂದು ಅಂಗಿಯನ್ನೂ ಬಿಚ್ಚಲಿಲ್ಲ. ಕಾರ್ಡು ತೆಗೆದುಕೊಂಡು ಕೊನೆಯ ಸಾಲನ್ನು ಕತ್ತರಿಸಿದರು. ಅವರ ಕೈ ನಿನಗೆ ಗೊತ್ತಲ್ಲ, ಅಂಚು ಗಾಜು ಕೊಯ್ದಷ್ಟು ನೇರ. 'ಪಾಪ, ಅವಳ ಹೆಸರು ತೆಗೀತೀರಾ' ಎಂದೆ. ಜೇಬಿನಿಂದ ನಿನ್ನ ಕಾಗದ ತೆಗೆದು ಮೇಜಿನ ಮೇಲಿಟ್ಟು, 'ಅವಳೇ ಬರ್ದಿದಾಳೆ ನೋಡು, ಇಲ್ಲದ್ದನ್ನ ಹೆಸರಿಸಬಾರದು ಅಂತ' ಎಂದರು. ನನಗೆ ನಿಮ್ಮ ಯಂತ್ರದ ವಿಷಯ ತಿಳಿಯುವುದಿಲ್ಲ. ನೀನೇ ಹೇಳಿರಬೇಕು ಎಂದುಕೊಂಡೆ.

ಮಾರನೆಯ ದಿನ ಕಾರ್ಡು ಕೊಟ್ಟವಳು ನಾನು. ಓದಿದರು. ಕೊನೆಗೆ ಬಂದು ಕಾರ್ಡನ್ನು ಹಿಂದೆ ತಿರುಗಿಸಿ ನೋಡಿದರು. ಹಿಂದೆ ಏನಿಲ್ಲ. ಇಟ್ಟರು. ಅವತ್ತಿನಿಂದ ನಿನ್ನ ವಿಷಯ ಒಂದು ಸಲವೂ ಎತ್ತಿಲ್ಲ.

ಶಾಲಿನ ಬಗ್ಗೆ ಬರೆ.

ಅತ್ತಿಗೆ


ಏಪ್ರಿಲ್ ೨೯

ಅಣ್ಣ,

ಅತ್ತಿಗೆಯ ಕಾಗದ ಬಂತು. ಶಾಲು ಅಲ್ಲೇ ಇರಲಿ.

ಕಲಮು ಅಂಗೀಕಾರವಾಯಿತು. ವಿರುದ್ಧ ಎದ್ದದ್ದು ಒಂದೇ ಕೈ, ಪಂಪಿನವರದು. ಕೈ ಎತ್ತಿದ್ದನ್ನು ನಾನೇ ಬರೆದುಕೊಳ್ಳಬೇಕಿತ್ತು, ಬರೆದುಕೊಂಡೆ. ಸಭೆ ಮುಗಿದ ಮೇಲೆ ಅವರು ಬಳಿಗೆ ಬಂದು, 'ಗೆದ್ದವರು ನೀವು ಮೇಡಂ, ಮುಖ ನೋಡಿದ್ರೆ ನಾನೇ ಗೆದ್ದ ಹಾಗಿದೆ' ಎಂದರು. ನಿದ್ದೆ ಸಾಲದು ಎಂದೆ. ನಿದ್ದೆಗೇನೂ ಕೊರತೆಯಿಲ್ಲ.

ನೀನು ಮಾಡಿದ್ದು ನಿಯಮದ ಪ್ರಕಾರ ಸರಿ. ನಾನಾದರೂ ಅದನ್ನೇ ಮಾಡುತ್ತಿದ್ದೆ. ನಿನ್ನೆ ಮೇಜಿನ ಮುಂದೆ ಕೂತು ಲಿಫ್ಟಿನ ಬೋರ್ಡಿನಿಂದ ಒಂದು ಸೆನ್ಸರು ಕಳಚಿ, ವಿವರಣೆಯಿಂದಲೂ ತೆಗೆದು, ಸ್ವಿಚ್ ಹಾಕಿದೆ. ತಡವರಿಸದೆ ಎದ್ದಿತು. ಏನೂ ಕೊರತೆ ಕಾಣಲಿಲ್ಲ. ಆರಿಸಿ, ಮತ್ತೆ ಹಾಕಿದೆ. ಆಗಲೂ ಹಾಗೇ.

ಕತ್ತರಿಸಿದ ಚೂರನ್ನು ಎಸೆದೆಯಾ?

ಪುಟ್ಟಿ


ಮೇ ೧೧

ಪುಟ್ಟಿ,

ಎಸೆದಿಲ್ಲ. ಅಂಗಡಿಯಲ್ಲಿ ಒಂದು ಕನ್ನಡಕದ ಡಬ್ಬಿಯೊಳಗಿದೆ.

ಬಸ್ ನಿಲ್ದಾಣದ ವಿಷಯ ನಿನಗೆ ಬರೆಯಲಿಲ್ಲ. ಬರೆದರೆ ಬಾ ಎಂದ ಹಾಗಾಗುತ್ತದೆ ಎಂದು ಬರೆಯಲಿಲ್ಲ. ಕತ್ತರಿಸಿದ್ದನ್ನೂ ಬರೆಯಲಿಲ್ಲ. ಬರೆದರೆ ಬರಬೇಡ ಎಂದ ಹಾಗೆ.

ಕೇಳದಿದ್ದರೂ ಇದನ್ನು ಹೇಳುತ್ತೇನೆ. ಮಗ ಎಂದು ದಿನಾ ದೊಡ್ಡ ಅಕ್ಷರದಲ್ಲಿ ಓದುತ್ತಾಳೆ. ಓದಿ, ನನ್ನ ಮುಖ ನೋಡಿ, 'ಹುಡುಗ, ನೀರು ಕೊಡು' ಎನ್ನುತ್ತಾಳೆ. ಕಣ್ಣಿಗೆ ಸಿಗದಷ್ಟು ಸಣ್ಣದಾಗಿ ಬರೆದ ಹೆಸರಿನವಳನ್ನು ಹುಡುಕಿಕೊಂಡು ಎರಡು ಬೀದಿ ದಾಟಿ ಹೋಗುತ್ತಾಳೆ. ನಾನು ಮನೆಯಲ್ಲೇ ಇದ್ದೇನೆ, ನನ್ನನ್ನು ಹುಡುಕಬೇಕಾಗಿಲ್ಲ, ಅದು ಸರಿ. ಆ ಸಾಲನ್ನು ಅವಳಿಗಾಗಿ ಕತ್ತರಿಸಿದೆನೋ ನನಗಾಗಿಯೋ ಎಂದು ಒಂದು ದಿನ ಗಾಜು ಉಜ್ಜುತ್ತಾ ಯೋಚಿಸಿದೆ. ಗಾಜು ಹಾಳಾಯಿತು. ಯೋಚಿಸುವುದನ್ನು ಬಿಟ್ಟೆ.

ಬೇಕಾದರೆ ಆ ಸಾಲನ್ನು ವಾಪಸ್ ಅಂಟಿಸುತ್ತೇನೆ. ಅಂಟಿಸಿದರೆ ಅವಳು ಕಾಯುತ್ತಾಳೆ. ಕಾದರೆ ನೀನು ಬರುತ್ತೀಯಾ, ಅದನ್ನು ಮೊದಲು ಹೇಳು. ಹಬೆ ಹಿಡಿದ ಗಾಜಿನಂಥ ಮಾತು ಬೇಡ. ಬರುತ್ತೇನೆ, ಇಲ್ಲವೇ ಬರುವುದಿಲ್ಲ. ನಿನ್ನ ಕಲಮಿನ ಹಾಗೆ ಒಂದೇ ವಾಕ್ಯದಲ್ಲಿ ಬರೆ.

ಅಣ್ಣ


ಜೂನ್ ೩

ಅಣ್ಣ,

ಅಂಟಿಸಬೇಡ. ಹತ್ತೊಂಬತ್ತಕ್ಕೆ ಬರುತ್ತೇನೆ.

ವಾಕ್ಯ ಎರಡಾಯಿತು. ಮೂರನೆಯದಕ್ಕೂ ಸ್ವಲ್ಪ ತಾಳು. ಎಲ್ಲ ಸಾಧನಗಳನ್ನೂ ವಿವರಣೆಯಲ್ಲಿ 'ಇದೆ' ಎಂದು ಮೊದಲೇ ಹೇಳಬೇಕಿಲ್ಲ. ಕೀಲಿಮಣೆಯಂಥವು ಇರುತ್ತವೆ, ಸಿಕ್ಕಿಸಿದ ಕೂಡಲೇ ತಾವು ಯಾರು, ತಮ್ಮ ಕೆಲಸವೇನು ಎಂದು ತಾವೇ ಹೇಳಿಕೊಳ್ಳುತ್ತವೆ. ಅಂಥವುಗಳ ಹೆಸರು ಬೇಡ. ಅವು ಬಂದು ಸೇರುವ ಜಾಗ ಒಂದಿದೆ, ಅದು ತೆರೆದಿದೆ ಎಂದು ಹೇಳಿದರೆ ಸಾಕು. ಆಗ ಯಂತ್ರ ಯಾರಿಗಾಗಿಯೂ ಕಾಯುವುದಿಲ್ಲ, ಬಂದವರನ್ನು ಹೊರಗೂ ನಿಲ್ಲಿಸುವುದಿಲ್ಲ. ಹೋದ ವಾರ ಇದನ್ನು ಕಲಮಿಗೆ ಸೇರಿಸಿದೆವು. ಈ ಸಲ ಪಂಪಿನವರೂ ಪರವಾಗಿ ಕೈ ಎತ್ತಿದರು.

ಆದ್ದರಿಂದ ಕಾರ್ಡಿನಲ್ಲಿ ನನ್ನ ಬಗ್ಗೆ ಬರೆಯಬೇಡ. ಬಾಗಿಲ ಬಗ್ಗೆ ಬರೆ. ನಾನು ಯಾರೆಂದು ನಾನೇ ಬಂದು ಹೇಳುತ್ತೇನೆ.

ಪುಟ್ಟಿ


ಜೂನ್ ೧೦

ಪುಟ್ಟಿ,

ಹಳೆಯ ಕಾರ್ಡಿನ ಅಂಚಿಗೆ ಹೊಸ ಪಟ್ಟಿ ಅಂಟಿಸಿದ್ದೇನೆ. 'ಯಾರಾದರೂ ಬಾಗಿಲು ತಟ್ಟಿದರೆ ತೆಗೆಯಬಹುದು. ಬಂದವರು ಯಾರೆಂದು ಅವರೇ ಹೇಳುತ್ತಾರೆ.' ಅಕ್ಷರ ಈ ಸಲ ಸ್ವಲ್ಪ ದೊಡ್ಡದು.

ನೀನು ಬರುವ ದಿನ ಹೊಸ ಯಂತ್ರ ಕೂರಿಸಲು ಬರುತ್ತಾರೆ, ನಾನು ಸಂಜೆಯ ತನಕ ಅಂಗಡಿ ಬಿಡುವ ಹಾಗಿಲ್ಲ. ನಿನ್ನ ಅತ್ತಿಗೆ ತವರಿಗೆ ಹೋಗಿರುತ್ತಾಳೆ. ದಾದಿ ಇರುತ್ತಾಳೆ.

ಬಂದವಳು ಉಳಿಯುತ್ತೀಯಾ ಎಂದು ಕೇಳುತ್ತಿಲ್ಲ.

ಅಣ್ಣ


ಜೂನ್ ೨೪

ಅಣ್ಣ,

ನಿನ್ನ ಮನೆಯಲ್ಲಿ ಎರಡು ದಿನ ಇದ್ದೆ. ಇಬ್ಬರೂ ಯಂತ್ರದ ಕಲ್ಲಿನ ವಿಷಯ ಮಾತಾಡಿದೆವು. ಹೇಳಬೇಕಾದದ್ದು ಕಾಗದಕ್ಕೇ ಉಳಿಯಿತು.

ಸಮಿತಿಯ ಕೆಲಸ ಆಗಸ್ಟಿಗೆ ಮುಗಿಯುತ್ತದೆ. ಎರಡನೆಯ ಭಾಗಕ್ಕೆ ಮುಂದುವರಿಯುವಿರಾ ಎಂದು ಕೇಳಿದರು, ಇಲ್ಲ ಎಂದೆ. ಕಾರಣ ಕೇಳಲಿಲ್ಲ, ಹೇಳಲಿಲ್ಲ. ಅಲ್ಲಿಯ ತನಕ ಕಾರ್ಡು ಇದ್ದ ಹಾಗೇ ಇರಲಿ.

ಈಗ ಆ ಮಧ್ಯಾಹ್ನದ ವಿಷಯ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿಕೊಂಡು, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಬಾಗಿಲು ತಟ್ಟಿದೆ. ದಾದಿ ಬರುತ್ತಾಳೆ ಎಂದುಕೊಂಡಿದ್ದೆ. ತೆರೆದವಳು ಅಮ್ಮ. ಕೈಯಲ್ಲಿ ಕಾರ್ಡಿತ್ತು. ತೂಕ ಇಳಿದಿದ್ದಾಳೆ, ನೀನು ಬರೆದಿರಲಿಲ್ಲ.

'ಯಾರು?' ಎಂದಳು.

'ನಾನು' ಎಂದೆ.

'ಬಾಗಿಲು ತಟ್ಟೋರೆಲ್ಲ ನಾನು ಅಂತಾನೇ ಅನ್ನೋದು. ಯಾರು ಬೇಕಿತ್ತು?'

ಬಾಯಿಪಾಠ ಮಾಡಿದ್ದು ಇದ್ದಲ್ಲೇ ಇತ್ತು, ಹೊರಗೆ ಬರಲಿಲ್ಲ. 'ಕನ್ನಡಕ ರಿಪೇರಿಗೆ' ಎಂದೆ. ಯಾಕೆ ಹಾಗೆಂದೆ ಎಂದು ಕೇಳಬೇಡ. ನಿಯಮ ಬರೆದವಳು ನಾನೇ.

'ಹುಡುಗ ಸಂಜೆಗೆ ಬರ್ತಾನೆ. ಕೂತ್ಕೊಳ್ಳಿ.' ಊಟದ ಮೇಜಿನ ಬಳಿ ಒಂದು ಕುರ್ಚಿ ತೋರಿಸಿದಳು. ತಾನು ಎದುರಿಗೆ ಕೂತಳು. ಹಿತ್ತಿಲಲ್ಲಿ ದಾದಿ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

'ನಿಮ್ಮ ಮಗನಾ?' ಎಂದು ಕೇಳಿದೆ.

'ಮಗ ಅಂತ ಇಲ್ಲಿ ಬರ್ದಿದಾರೆ. ನನ್ನ ಮಗ ಇಷ್ಟು ಬೋಳಲ್ಲ.' ಕಾರ್ಡನ್ನು ಮಡಿಲಿಗೆ ಇಳಿಸಿ ಹೇಳಿದಳು, 'ದಿನಾ ಬರ್ತಾನೆ. ಕನ್ನಡಕ ಒರೆಸಿ ಕೊಡ್ತಾನೆ, ನೀರು ಬಿಸಿ ನೋಡಿ ಕೊಡ್ತಾನೆ. ಒಂದು ದಿನ ತಪ್ಪಿಸಿದೋನಲ್ಲ. ಇವನ ತಾಯಿ ಪುಣ್ಯ ಮಾಡಿದಾಳೆ.'

ಇದನ್ನು ನಿನಗೆ ಅಂದೇ ಹೇಳಬೇಕಿತ್ತು. ನೀನು ಕೈ ತೊಳೆದು ಬಂದು ಅವಳ ಕನ್ನಡಕ ಒರೆಸುತ್ತಿದ್ದೆ.

ಕಾರ್ಡನ್ನು ಮೇಜಿನ ಮೇಲಿಟ್ಟು, ನೀನು ಹೊಸ ಪಟ್ಟಿ ಅಂಟಿಸಿದ ಸಂದಿನ ಮೇಲೆ ಹೆಬ್ಬೆರಳು ಎಳೆದಳು.

'ನನಗೊಬ್ಬಳು ಚಿಕ್ಕವಳಿದಾಳೆ. ಇದರಲ್ಲಿ ಇದ್ದಳು. ತೆಗೆದುಬಿಟ್ಟಿದಾರೆ.'

'ಯಾಕೆ ಅಂತ ಕೇಳ್ಲಿಲ್ವಾ?'

'ಕೇಳಿದ್ರೆ ಹುಡುಗನ ಮುಖ ಸಣ್ಣದಾಗತ್ತೆ. ಪಾಪ, ಯಾರ ಮಗನೋ. ಕೇಳಲ್ಲ.'

ಇದನ್ನು ಇಷ್ಟೇ ಬರೆಯುತ್ತೇನೆ. ಸಾಲನ್ನು ಕತ್ತರಿಸಿದ್ದರಿಂದ ಅವಳು ಮರೆಯಲಿಲ್ಲ ಎಂದು ನನಗೆ ಆಗ ತಿಳಿಯಿತು. ತಿಳಿದು ಏನಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ನೋಡುತ್ತಿದ್ದೆ. ಅದರ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಕೂರಿಸಿದೆ.

'ಒಂದು ಮಾತು, ತಪ್ಪು ತಿಳ್ಕೋಬೇಡಿ' ಎಂದಳು ಅಮ್ಮ. 'ನೀವು ಕೂತಿರೋದು ಅವಳ ಕುರ್ಚಿ. ಅವಳು ಬಂದ್ರೆ ಬಿಟ್ಟುಕೊಡಬೇಕಾಗತ್ತೆ.'

'ಬಿಟ್ಟುಕೊಡ್ತೀನಿ' ಎಂದೆ.

ಎಂದವಳು ಆಗಲೇ ಎದ್ದುನಿಂತಿದ್ದೆ. ಎದ್ದ ಮೇಲೆ ಎಲ್ಲಿಗೆ ಹೋಗುವುದೆಂದು ತೋಚಲಿಲ್ಲ. ಮತ್ತೆ ಅದೇ ಕುರ್ಚಿಯಲ್ಲಿ ಕೂತೆ. ಅಮ್ಮ ಕಾರ್ಡಿನಿಂದ ತಲೆ ಎತ್ತಿ ನೋಡಿದಳು.

'ಬಂದ್ಯಾ' ಎಂದಳು. 'ಎಷ್ಟು ಹೊತ್ತು ಮಾಡಿದೆ. ಹೋಗು, ಕೈಕಾಲು ತೊಳ್ಕೊಂಡು ಬಾ.'

ಒಗೆಯುವ ಸದ್ದು ನಿಂತಿತ್ತು, ದಾದಿ ಒಳಗೆ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದಳು. ಆ ಮಾತು ಅವಳಿಗೋ ನನಗೋ ಗೊತ್ತಿಲ್ಲ. ನಾನು ಹೋಗಿ ಕೈಕಾಲು ತೊಳೆದುಕೊಂಡು ಬಂದೆ.

ಪುಟ್ಟಿ